ತಾಟಿನಲ್ಲಿ ಉಳಿದ ಹೋಳಿಗೆ

ದೀಪ ಹಚ್ಚಲು ಇನ್ನು ಎರಡು ತಾಸು ಉಳಿದಿದೆ. ಅಷ್ಟರೊಳಗೆ ಇದನ್ನು ಬರೆದು ಮುಗಿಸಬೇಕು. ಆಮೇಲೆ ನನಗೆ ನನ್ನ ಮಗಳ ಗುರುತು ಇರುತ್ತದೋ ಇಲ್ಲವೋ ಗೊತ್ತಿಲ್ಲ. ಅವಳು ಒಳಗಿನ ಕೋಣೆಯಲ್ಲಿ ಎಡಮಗ್ಗುಲಿಗೆ ಮಲಗಿದ್ದಾಳೆ, ಎಂಟು ತಿಂಗಳ ಬಸುರಿ. ಅವಳು ಉಂಡ ತಾಟು ಅಡುಗೆಮನೆಯ ಕಟ್ಟೆಯ ಮೇಲೆ ಹಾಗೇ ಇದೆ. ರೊಟ್ಟಿ, ಪಲ್ಯ ಎಲ್ಲ ಖಾಲಿಯಾಗಿದೆ. ಹೋಳಿಗೆ ಮಾತ್ರ, ಅಂಚಿನಲ್ಲಿ ಒಂದು ಗುಂಡಿಯಷ್ಟು ಮುರಿದದ್ದು ಬಿಟ್ಟರೆ, ಇಡಿಯಾಗಿ ಉಳಿದಿದೆ. ನಾನು ಅದಕ್ಕೆ ಬೆನ್ನು ಮಾಡಿ ಕುಳಿತಿದ್ದೇನೆ.

ನನ್ನ ಹೆಸರು ನಿಂಬೆವ್ವ. ಮೂವತ್ತೈದು ವರ್ಷದಿಂದ ಈ ಊರಿನ ಹೆಂಗಸರಿಗೆ ಕುಬಸ ಹೊಲಿದುಕೊಂಡು ಬದುಕಿದ್ದೇನೆ. ಇದು ನನ್ನ ಅಳತೆ ಪುಸ್ತಕ. ಮುಂದಿನ ಹಾಳೆಗಳಲ್ಲಿ ಊರವರ ಎದೆ, ತೋಳು, ಭುಜದ ಅಳತೆಗಳಿವೆ. ಹಿಂದಿನ ಖಾಲಿ ಹಾಳೆಗಳಲ್ಲಿ ಇವತ್ತು ಮಗಳ ಸಂಗತಿ ಬರೆಯುತ್ತಿದ್ದೇನೆ. ಬರೆದಿಟ್ಟರೆ ಉಪಯೋಗವಾಗುತ್ತದೆ ಎಂಬ ನಂಬಿಕೆಯೇನೂ ಇಲ್ಲ. ಮರೆತವರು ಓದಿದರೂ ನಂಬುವುದಿಲ್ಲ, ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಕೈ ಸುಮ್ಮನಿರಲೊಲ್ಲದು.

ನಮ್ಮ ಊರಿನಲ್ಲಿ ಒಬ್ಬರ ಮನೆಗೆ ಉಣ್ಣಲು ಹೋಗಿ, ಅವರು ಬಡಿಸಿದ ಸಿಹಿಯನ್ನು ತಾಟಿನಲ್ಲಿ ಬಿಟ್ಟು ಎದ್ದರೆ, ಅಂದು ದೀಪ ಹಚ್ಚುವ ಹೊತ್ತಿಗೆ ಆ ಮನೆಯವರು ನಿಮ್ಮನ್ನು ಮರೆಯುತ್ತಾರೆ. ಕರೆದಾಗ ಹೋಗದಿದ್ದರೂ ಹಾಗೆಯೇ. ಕರೆದವರು ಸಿಹಿ ಬಡಿಸದೆ ಕಳಿಸಿದರೆ, ಉಂಡವರು ಆ ಮನೆಯನ್ನು ಮರೆಯುತ್ತಾರೆ. ಇದು ಮುನಿಸಲ್ಲ, ಮಾತು ಬಿಡುವುದಲ್ಲ. ನೀವು ಹುಟ್ಟಿಯೇ ಇಲ್ಲ ಎಂಬಂತೆ ಮರೆಯುವುದು. ಒಂದೇ ಮನೆಯೊಳಗೆ ಇರುವವರಿಗೆ ಇದರ ಬಾಧೆ ಇಲ್ಲ, ಹೊರಗಿನಿಂದ ಬಂದವರಿಗೆ ಮಾತ್ರ. ಕೆಲವರು ದೀಪವನ್ನೇ ಹಚ್ಚದೆ ಕುಳಿತು ನೋಡಿದ್ದಾರೆ. ಎದುರುಮನೆಯ ದೀಪದ ಬೆಳಕು ಬಾಗಿಲ ಸಂದಿಯಿಂದ ಬಂದರೂ ಸಾಕು, ಆಗುವುದು ಆಗಿಯೇ ಹೋಗುತ್ತದೆ.

ಸವುಳು ನೀರಿನ ಊರಿನವರು ಸವುಳು ನೀರಿಗೆ ಒಗ್ಗಿಕೊಂಡ ಹಾಗೆ ನಾವೂ ಇದಕ್ಕೆ ಒಗ್ಗಿಕೊಂಡಿದ್ದೇವೆ. ಮದುವೆಯ ದಿನಗಳು ಬಂದರೆ ಬೆಳಗಿನ ಐದಕ್ಕೇ ಊರಿಗೆ ಊರೇ ಕೆರೆಯ ದಂಡೆಯಲ್ಲಿ ನಡೆಯುತ್ತಿರುತ್ತದೆ. ಉಣ್ಣುವ ಮನೆ ಇದ್ದರೆ ಹಿಂದಿನ ದಿನವೆಲ್ಲ ಮಜ್ಜಿಗೆ, ಮರುದಿನವೆಲ್ಲ ಬರೀ ಸೌತೆಕಾಯಿ. ಜಾಣರು ಓಣಿಗಳನ್ನು ಹಂಚಿಕೊಳ್ಳುತ್ತಾರೆ: ಬಡಗಣ ಓಣಿಯ ಊಟ ಗಂಡನಿಗೆ, ತೆಂಕಣದ್ದು ಹೆಂಡತಿಗೆ. ಹಾಗೆ ಹಂಚಿಕೊಂಡ ಒಬ್ಬ ಗಂಡನನ್ನು ಬಡಗಣ ಓಣಿಯವರು ಬ್ರಹ್ಮಚಾರಿ ಎಂದು ತಿಳಿದು ಹೆಣ್ಣು ತೋರಿಸಲು ಹೊರಟಿದ್ದರು. ಕಲ್ಲಪ್ಪ ಮಾಸ್ತರರು ಔಷಧಿ ಅಂಗಡಿಯಿಂದ ಸಕ್ಕರೆಯಲ್ಲದ ಸಕ್ಕರೆ ತಂದು ಮಗನ ಮದುವೆಗೆ ಉಂಡಿ ಕಟ್ಟಿಸಿದರು. ದೀಪ ಹಚ್ಚುವ ಹೊತ್ತಿಗೆ ಬೀಗರು ಬೀಗರನ್ನು ಮರೆತು, ಇದು ಯಾರ ಮದುವೆ ಎಂದು ಒಬ್ಬರನ್ನೊಬ್ಬರು ಕೇಳುತ್ತ ಹಂದರದ ಕೆಳಗೆ ನಿಂತಿದ್ದರು. ಇನ್ನೊಬ್ಬ ಸಾಹುಕಾರ ಸಾಸಿವೆಯಷ್ಟು ಉಂಡಿ ಹಂಚಿದ. ಮರುದಿನ ಅವನಿಗೆ ಊರಿನಲ್ಲಿ ಯಾರೂ ನಮಸ್ಕಾರ ಮಾಡಲಿಲ್ಲ. ಹಾಗಾದರೆ ಎಷ್ಟು ಬಡಿಸಿದರೆ ಸಾಕು, ಎಷ್ಟು ತಿಂದರೆ ಸಾಕು? ಅದು ಯಾರಿಗೂ ಗೊತ್ತಿಲ್ಲ. ಆ ಹೆದರಿಕೆಗೇ ಎಲ್ಲರೂ ಪೂರ್ತಿ ಬಡಿಸುತ್ತಾರೆ, ಎಲ್ಲರೂ ಪೂರ್ತಿ ತಿನ್ನುತ್ತಾರೆ.

ನನ್ನ ಯಜಮಾನರು ಯಾರ ಮನೆಯಲ್ಲೂ ಬೇಡ ಎಂದವರಲ್ಲ. ಮಾದಲಿ, ಹುಗ್ಗಿ, ಹೋಳಿಗೆ, ಏನು ಹಾಕಿದರೂ ತಾಟು ತೊಳೆದಂತೆ ಮಾಡಿ ಏಳುತ್ತಿದ್ದರು. ಐವತ್ತೆರಡಕ್ಕೇ ಹೋದರು. ಮಣ್ಣಿಗೆ ಊರೆಲ್ಲ ಬಂದಿತ್ತು, ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಂಥ ಪುಣ್ಯವಂತ ಎಂದು ಜನ ಹೇಳಿದರು. ನಾನು ಅವರ ಊದಿದ ಪಾದಗಳನ್ನು ನೋಡುತ್ತ ಕುಳಿತಿದ್ದೆ.

ಮೂರು ವರ್ಷದ ನಂತರ ನನಗೂ ಸಕ್ಕರೆ ರೋಗ ಬಂತು. ಬಂದದ್ದು ಗೊತ್ತಾದ ರೀತಿ ಹೇಳಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದು ಮಧ್ಯಾಹ್ನ ಮಿಷನ್ ತುಳಿಯುತ್ತಿದ್ದೆ. ನೆಲದ ಮೇಲೆ ಕೆಂಪು ದಾರ ಬಿದ್ದಿದೆ ಎಂದು ಬಗ್ಗಿದರೆ ಅದು ದಾರವಲ್ಲ, ರಕ್ತ. ಕೆಳಗೆ ಬಿದ್ದಿದ್ದ ಸೂಜಿ ಎಡಗಾಲಿನ ಹೆಬ್ಬೆರಳಿಗೆ ಪೂರ್ತಿ ಇಳಿದಿತ್ತು. ಎಷ್ಟು ಹೊತ್ತಿನಿಂದ ತುಳಿಯುತ್ತಿದ್ದೆನೋ, ನನಗೆ ನೋವೇ ಆಗಿರಲಿಲ್ಲ.

ನಮ್ಮ ಡಾಕ್ಟರು ಹೊರಗಿನವರು. ಯಾರ ಮನೆಯಲ್ಲೂ ಸಿಹಿ ಮುಟ್ಟುವುದಿಲ್ಲ. ಹೀಗಾಗಿ ಅವರು ಯಾರಿಗೂ ನೆನಪಿಲ್ಲ. ಕೊರಳಲ್ಲಿ ಒಂದು ಹಲಗೆ ಹಾಕಿಕೊಂಡು ತಿರುಗುತ್ತಾರೆ: ‘ನಾನು ಡಾಕ್ಟರು. ಮೊನ್ನೆಯೂ ಬಂದಿದ್ದೆ.’ ಅವರು ನನ್ನ ಕಾಲನ್ನು ತಿರುಗಿಸಿ ನೋಡಿ, "ಪೂರ್ತಿ ಬಿಡಿ ಅಂತ ನಾನು ಹೇಳಲ್ಲ. ಮೊದಲು ಸೊಪ್ಪು, ಕಾಳು ತಿಂದು ಹೊಟ್ಟೆ ತುಂಬಿಸಿಕೊಳ್ಳಿ. ಸಿಹಿ ಒಂದು ತುತ್ತು ಬಾಯಿಗೆ ಹಾಕಿಕೊಳ್ಳಿ, ರುಚಿ ನೋಡಿ, ಅರ್ಧ ಗಂಟೆ ನಡೀರಿ. ಎಲ್ಲ ಊರಲ್ಲೂ ಜನ ಹೀಗೇ ಬದುಕ್ತಾರೆ" ಎಂದರು.

"ಒಂದು ತುತ್ತು ತಿಂದ್ರ ಅವರು ನನ್ನ ಎಷ್ಟು ನೆನಪಿಡ್ತಾರ್ರಿ ಸಾಹೇಬ್ರ?" ಎಂದು ಕೇಳಿದೆ.

"ಅದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ" ಎಂದರು. ಪಾಪ, ಅವರ ಮುಖ ಸಣ್ಣದಾಯಿತು. ನಾನು ಅವರನ್ನು ಹೊಸಬರೆಂದೇ ತಿಳಿದು ಮಾತಾಡಿಸಿದ್ದೆ. ಏಳನೆಯ ಸಲ ಬಂದಿದ್ದರಂತೆ. ಅವತ್ತು ಮಾತ್ರ ನಾನು ಉಣ್ಣಲು ಕರೆಯಲಿಲ್ಲ, ಅದಕ್ಕೇ ಇಷ್ಟು ನೆನಪಿದೆ.

ಅಂದಿನಿಂದ ಮನೆಗಳನ್ನು ಬಿಡತೊಡಗಿದೆ. ಬಟ್ಟೆ ಕತ್ತರಿಸುವಾಗ ಬೇಡದ ಅಂಚು ಬಿಡುವ ಹಾಗೆ ಮೊದಲು ದೂರದವರನ್ನು ಬಿಟ್ಟೆ, ಆಮೇಲೆ ಅಷ್ಟಕ್ಕಷ್ಟೇ ಇದ್ದವರನ್ನು. ಸುಲಭವಾಗಿಯೇ ಇತ್ತು. ಕಾಲಿನ ಗಾಯ ಮಾಯತೊಡಗಿತ್ತು, ಹಗುರವಾಗಿ ಕೆರೆ ಸುತ್ತುತ್ತಿದ್ದೆ. ಆಮೇಲೆ ಗುರುಬಸವ್ವನ ಸರದಿ ಬಂತು.

ಗುರುಬಸವ್ವ ನನ್ನ ಮೂವತ್ತು ವರ್ಷದ ಗೆಳತಿ, ಮೂರು ಬಾಗಿಲು ಆಚೆಯ ಮನೆ. ನನ್ನ ಬಾಣಂತನ ಮಾಡಿದವಳು. ಅವಳ ಮೊಮ್ಮಗನ ಹೆಸರಿಡುವ ದಿನ ನನ್ನ ಸಕ್ಕರೆ ಏರಿತ್ತು, ಬೆರಳಿನ ಗಾಯ ಮತ್ತೆ ಬಾಯಿ ಬಿಟ್ಟಿತ್ತು. ಶೇಂಗಾ ಹೋಳಿಗೆಯನ್ನು ತಾಟಿನಲ್ಲಿ ಬಿಟ್ಟು ಎದ್ದೆ. ಅವಳು ನೋಡಿದಳು. ಗೆಳೆತನದ ಬಲ ಅಂಥದ್ದನ್ನು ದಾಟುತ್ತದೆ ಎಂದು ನಾನು ಎಣಿಸಿದ್ದೆ.

ಮರುದಿನ ಬೆಳಿಗ್ಗೆ ಅವಳ ಬಾಗಿಲು ಬಡಿದೆ. ತೆರೆದು, "ಯಾರ್ ಬೇಕಾಗಿತ್ರಿ?" ಎಂದಳು.

"ಗುರುಬಸವ್ವಾ, ನಾನು ನಿಂಬೆವ್ವ" ಎಂದೆ. ಅವಳು ಹಿಂದೆ ಸರಿದು, "ಮನ್ಯಾಗ ಗಂಡಸರಿಲ್ಲ. ಆಮ್ಯಾಲ ಬರ್ರಿ" ಎಂದಳು. ನಾನು ಬಿಡಲಿಲ್ಲ. "ನೀ ತೊಟ್ಟ ಕುಬಸ ನಾ ಹೊಲಿದದ್ದಲ್ಲೇನು? ನೋಡು, ಕಂಕುಳದಾಗ ಜೋಡು ಹೊಲಿಗಿ ಹಾಕೀನಿ" ಎಂದು ಕೈ ಚಾಚಿದೆ. ಅವಳು ಸೆರಗು ಎಳೆದುಕೊಂಡು, ಓಣಿಯವರೆಲ್ಲ ಓಡಿ ಬರುವ ಹಾಗೆ ಕೂಗಿದಳು. ಒಂದು ಚೀಟಿಯಲ್ಲಿ ಎಲ್ಲ ಬರೆದು ಕಳಿಸಿದೆ. ಹರಿದು ಒಲೆಗೆ ಹಾಕಿದಳಂತೆ. ಅವಳು ಮರೆತದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು ಅವಳ ಕಣ್ಣು. ಆ ಕಣ್ಣಿನಲ್ಲಿ ನನ್ನನ್ನು ಕಂಡ ಹೆದರಿಕೆ ಇತ್ತು. ಇವತ್ತು ದೀಪ ಹಚ್ಚಿದ ಮೇಲೆ ನಾನು ನನ್ನ ಮಗಳು ಕಸ್ತೂರಿಯನ್ನು ಅದೇ ಕಣ್ಣಿನಿಂದ ನೋಡಿದರೆ? ಬಾಗಿಲು ಮುಚ್ಚಿಕೊಂಡರೆ? ತುಂಬಿದ ಬಸುರಿ, ಅವಳು ಎಲ್ಲಿಗೆ ಹೋಗಬೇಕು? ಬೆಳಗಿನಿಂದ ನನ್ನ ಎದೆಯಲ್ಲಿ ಇದೊಂದೇ ಕುಟ್ಟುತ್ತಿದೆ.

ಕಸ್ತೂರಿಗೆ ಇದು ಎರಡನೆಯ ಬಸಿರು. ಮೊದಲನೆಯದರ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ, ಆದರೆ ಬರೆಯಲೇಬೇಕು. ಆಗ ಅವಳ ಗಂಡನ ಮನೆಯ ಓಣಿಯಲ್ಲಿ ಹದಿನಾಲ್ಕು ಮನೆಯವರು ಬಯಕೆ ಊಟಕ್ಕೆ ಕರೆದರು. ನನ್ನ ಮಗಳು ಹೊಸ ಸೊಸೆ, ಎಲ್ಲರ ನೆನಪಿನಲ್ಲಿ ಇರಬೇಕಾದವಳು. ಹದಿನಾಲ್ಕು ಕಡೆಯೂ ಹೋದಳು. "ಇಬ್ಬರ ಪಾಲು ಉಣ್ಣವ್ವ" ಎಂದು ತುಪ್ಪ ಸುರಿದು ಬಡಿಸಿದರು. ಒಂದು ದಿನ ನನ್ನ ಹತ್ತಿರ ಬಂದು, "ಯವ್ವಾ, ಭಾಳ ಬಾಯಾರಿಕಿ ಆಗ್ತೈತಿ, ಕಣ್ಣು ಮಂಜು ಮಂಜು. ಇನ್ನೆರಡು ಮನಿ ಬಿಡ್ಲೇನು?" ಎಂದು ಕೇಳಿದಳು. ನಾನು ಏನೆಂದೆ ಗೊತ್ತೇ? "ಒಂದು ಹೋಳಿಗಿಯಿಂದ ಏನಾಗ್ತೈತಿ? ಜನ ಬೇಕಾಗ್ತಾರ, ಹೋಗಿ ಬಾ" ಎಂದೆ. ನನ್ನ ಕಾಲಿಗೆ ಅಷ್ಟೆಲ್ಲ ಆದಮೇಲೂ ಹಾಗೆಂದೆ. ನನಗೆ ಬಂದ ರೋಗ ಅವಳ ವಯಸ್ಸಿಗೆ ಬರುತ್ತದೆ ಎಂದು ಹೊಳೆಯಲೇ ಇಲ್ಲ. ಪ್ರತಿ ಮನೆಯಲ್ಲೂ ಅವಳು ಒಂದೇ ಹೋಳಿಗೆ ತಿಂದಿದ್ದಳು.

ಕೂಸು ಹೊಟ್ಟೆಯಲ್ಲಿ ವಿಪರೀತ ಬೆಳೆಯಿತು. ಹೆರಿಗೆ ಎರಡು ದಿನ ಹಿಡಿಯಿತು. ಹೊರಗೆ ಬಂದಾಗ ಆರು ತಿಂಗಳ ಮಗುವಿನಷ್ಟು ದುಂಡಗೆ ಇತ್ತು, ತಲೆತುಂಬ ಕೂದಲು. ಅಳಲಿಲ್ಲ. ಹದಿನಾಲ್ಕು ಮನೆಯವರೂ ನೆನಪಿಟ್ಟುಕೊಂಡು ಮಾತಾಡಿಸಲು ಬಂದರು.

ಈ ಸಲ ಕಸ್ತೂರಿ ಮೂರನೆಯ ತಿಂಗಳಿನಲ್ಲೇ ಡಾಕ್ಟರ ಬಳಿ ಹೋದಳು. ಹೊಟ್ಟೆಗೆ ತಾನೇ ಸೂಜಿ ಚುಚ್ಚಿಕೊಳ್ಳುವುದನ್ನು ಕಲಿತಳು, ಬೆರಳಿನ ರಕ್ತ ನೋಡುವ ಸಣ್ಣ ಮಿಷನ್ ತಂದಿಟ್ಟುಕೊಂಡಳು. ಓಣಿಯ ಎಲ್ಲ ಮನೆಗೂ ಹೋದಳು, ರೊಟ್ಟಿ ಉಂಡಳು, ಕೋಸಂಬರಿ ಉಂಡಳು, ಸಿಹಿಯನ್ನು ತಾಟಿನಲ್ಲಿ ಬಿಟ್ಟು ಎದ್ದಳು. ದಿನಕ್ಕೊಂದು ಮನೆ ಅವಳನ್ನು ಮರೆಯಿತು. ತನ್ನದೇ ಓಣಿಯಲ್ಲಿ ನಡೆದರೆ, "ಯಾರ ಪೈಕಿ ನೀವು?" ಎಂದು ಕೇಳುತ್ತಾರೆ. ನಾನು ಕಣ್ಣೀರು ಹಾಕಿದರೆ ಅವಳೇ ನಗುತ್ತಾಳೆ. "ಇರ್ಲಿ ಬಿಡಬೇ. ಕೂಸು ಅಳೂದು ಕೇಳಿದ್ರ ಸಾಕು. ಆಮ್ಯಾಲ ಒಬ್ಬೊಬ್ಬರನ್ನs ಹೊಸದಾಗಿ ಗುರ್ತು ಮಾಡ್ಕೊಂತೀನಿ."

ಎರಡು ತಿಂಗಳ ಹಿಂದೆ ಅವಳ ಅತ್ತೆಯ ಮನೆಯಲ್ಲಿ ಕುಬಸದ ಕಾರ್ಯ, ಅಂದರೆ ಸೀಮಂತ, ಆಯಿತು. ತವರಿನಿಂದ ಹಸಿರು ಸೀರೆ, ಹಸಿರು ಕುಬಸ ನಾನೇ ಒಯ್ದೆ. ಆ ಕುಬಸದ ಮಾತು ಹೇಳಬೇಕು. ಸಾಮಾನ್ಯಕ್ಕೆ ನಾನು ಒಳಮಗ್ಗುಲಿಗೆ ಒಂದು ಮಡಿಕೆ ಬಟ್ಟೆ ಬಿಡುತ್ತೇನೆ, ಬಸುರಿಯರಿಗೆ ಎರಡು. ಅದಕ್ಕಿಂತ ಹೆಚ್ಚು ಯಾರು ಕೇಳಿದರೂ, ಕುಬಸ ಕೆಡುತ್ತದೆ ಎಂದು ಜಗಳ ತೆಗೆಯುತ್ತೇನೆ. ಕಸ್ತೂರಿಗೆ ಮಾತ್ರ ಮೂರು ಮಡಿಕೆ ಬಿಟ್ಟೆ, ಬಸಿರು ಬೆಳೆದ ಹಾಗೆ, ಎದೆಗೆ ಹಾಲು ಬಂದ ಹಾಗೆ ಒಂದೊಂದೇ ಬಿಚ್ಚಬಹುದು. ಎಡ ಭುಜವನ್ನು ಅರ್ಧ ಇಂಚು ಕೆಳಗೆ ಇಳಿಸಿ ಕತ್ತರಿಸಿದೆ. ಆರು ವರ್ಷದವಳಿದ್ದಾಗ ಹಿತ್ತಲ ಗೋಡೆಯಿಂದ ಬಿದ್ದಳು. ಅಂದಿನಿಂದ ಆ ಭುಜ ಅಷ್ಟು ಇಳಿದಿದೆ. ನನಗೊಬ್ಬಳಿಗೆ ಗೊತ್ತು, ನನ್ನ ಟೇಪಿಗೆ ಗೊತ್ತು.

ಅವತ್ತು ಬೀಗತಿ ಶಿವಗಂಗಮ್ಮ ನನ್ನ ತಾಟಿಗೆ ಎರಡು ಹೋಳಿಗೆ ಒಮ್ಮೆಲೇ ಹಾಕಿದರು. "ಉಣ್ರಿ ಅಕ್ಕಾರ, ಮಗಳ ಮನಿ ಹೋಳಿಗಿ" ಎಂದು ಮೇಲೆ ತುಪ್ಪ ಬಿಟ್ಟರು. ಅವರ ಬಾಯಿ ನಗುತ್ತಿತ್ತು, ಕಣ್ಣು ಮಾತ್ರ ನನ್ನ ತಾಟನ್ನು ಬಿಡಲಿಲ್ಲ. ಕಡಿಮೆ ಬಡಿಸಿ ನಾನು ಅವರನ್ನು ಮರೆತರೆ ಎಂದು ಅವರಿಗೆ ಭಯ. ಬಿಟ್ಟು ಎದ್ದರೆ ಆ ಮನೆಯವಳಾದ ನನ್ನ ಮಗಳು ನನ್ನನ್ನು ಮರೆಯುತ್ತಾಳೆಂದು ನನಗೆ ಭಯ. ತಿಂದೆ. ಎರಡನ್ನೂ ತಿಂದೆ. ರುಚಿ ಹೇಗಿತ್ತು ಎಂದು ಕೇಳಿದರೆ ಹೇಳಲಾರೆ. ಎಂಟು ದಿನ ಕಾಲು ನೆಲಕ್ಕೆ ಊರಲು ಆಗಲಿಲ್ಲ.

ಹೆರಿಗೆಗೆ ತವರಿಗೆ ಬರಬೇಕೆಂದು ಅವಳಿಗೆ ಆಸೆ. ಬರಬೇಡ ಎನ್ನಬಹುದಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರಲ್ಲ, ನಮ್ಮ ಊರಿನಲ್ಲಿ ಅದು ಬರೀ ಮಾತಲ್ಲ. ಮದುವೆಯಾದ ದಿನದಿಂದ ನನ್ನ ಮಗಳು ನನ್ನ ಹೊಸ್ತಿಲಿಗೆ ಹೊರಗಿನವಳೇ. ಬಂದ ದಿನದ ಊಟಕ್ಕೆ ಸಿಹಿ ಬಡಿಸಲೇಬೇಕು, ಒಮ್ಮೆ ಬಡಿಸಿದರೆ ಇರುವಷ್ಟು ದಿನಕ್ಕೆ ಸಾಕು. ಇಷ್ಟು ವರ್ಷ ಪಂಚಮಿಗೆ ಬರುತ್ತಿದ್ದಳು, ಒಂದು ಎಳ್ಳುಂಡೆ ತಿಂದು ನಗುತ್ತ ಹೋಗುತ್ತಿದ್ದಳು. ಈ ಸಲ ಹಾಗಲ್ಲ ಎಂದು ಗೊತ್ತಿದ್ದೂ ನಾನು ಬೇಡವೆನ್ನಲಿಲ್ಲ. ನನಗೂ ಆಸೆ. ಅವಳ ತಲೆಗೆ ಎಣ್ಣೆ ಹಚ್ಚಬೇಕು, ಕೂಸಿಗೆ ನೀರು ಹಾಕಬೇಕು. ಈ ಊರಿನಲ್ಲಿ ನನ್ನನ್ನು ಬಲ್ಲವರು ಇನ್ನು ಎಷ್ಟು ಜನ ಉಳಿದಿದ್ದಾರೆ?

ಇವತ್ತು ಮಧ್ಯಾಹ್ನ ರಿಕ್ಷಾದಲ್ಲಿ ಕರೆತಂದೆ. ಅವಳು ಹಸಿರು ಕುಬಸವನ್ನೇ ತೊಟ್ಟಿದ್ದಳು. ಜೋಳದ ರೊಟ್ಟಿ ಬಡಿದಿದ್ದೆ, ಮೆಂತ್ಯ ಪಲ್ಯ, ಹೆಸರುಕಾಳಿನ ಉಸುಳಿ, ಸೌತೆಕಾಯಿ, ಮೊಸರು. ಕೊನೆಗೆ ಒಂದೇ ಒಂದು ಹೋಳಿಗೆ. ಅವಳು ಎಲ್ಲವನ್ನೂ ಹಸಿದವಳ ಹಾಗೆ ಉಂಡಳು. ಹೋಳಿಗೆ ಇಟ್ಟಾಗ ಕೈ ಹಿಂದೆ ತೆಗೆದಳು.

"ಒಲ್ಲೆಬೇ."

"ಗೊತ್ತೈತಿ" ಎಂದೆ.

"ಬಡಸಬ್ಯಾಡಾಗಿತ್ತು. ನಾನs ನಿನ್ನ ಮರೀತಿದ್ನಿ."

"ಮರೆತು ಯಾರ ಮನ್ಯಾಗ ಹಡೀತಿದ್ದಿ? ನೋವು ಬಂದಾಗ ಗುರ್ತಿಲ್ಲದಾಕಿ ಕೈ ಹಿಡಿದ್ರ ಹೆದರ್ತಿದ್ದಿ. ಮರಿಯಾಕಿ ನಾನs ಆಗ್ಲಿ. ಬಸುರಿ ಹೆಣ್ಣಮಗಳು ಬಾಗಿಲಿಗೆ ಬಂದ್ರ ಹೊರಗ ಹಾಕ್ತೀನೇನು? ಗುರ್ತಿಲ್ಲದಿದ್ರೂ ರೊಟ್ಟಿ ಬಡದು ಹಾಕ್ತೀನಿ."

ಹೀಗೆ ದೊಡ್ಡದಾಗಿ ಹೇಳಿದೆ. ಹೇಳುತ್ತಿರುವಾಗಲೇ ಗುರುಬಸವ್ವನ ಕಣ್ಣು ನೆನಪಾಯಿತು. ಗುರುಬಸವ್ವ ಕೆಟ್ಟವಳಲ್ಲ. ಅವಳೂ ಬಸುರಿಯರಿಗೆ ಅಡುಗೆ ಮಾಡಿ ಹಾಕಿದವಳೇ. ಕಸ್ತೂರಿ ನನ್ನ ಮುಖ ನೋಡಿದಳು. ಹೆದರಿಕೆಯನ್ನು ನಾನು ಎಂದೂ ಮುಚ್ಚಿಡಲಾರೆ. ಅವಳು ಹೋಳಿಗೆಯ ಕಡೆ ನೋಡಿದಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

"ಯವ್ವಾ, ಡಾಕ್ಟರು ಒಂದು ತುತ್ತು ಆಗ್ತೈತಿ ಅಂದಾರ. ನನಗs ಹೆದರಿಕಿ. ಆ ಸಲ ಒಂದೊಂದs ತಿಂದಿದ್ನಿ ನೋಡು."

"ಹಂಗಾರ ಬ್ಯಾಡ."

"ಎಷ್ಟು ಮುರೀಲಿ, ನೀನs ಹೇಳು" ಎಂದಳು. ನಾನು ಡಬ್ಬಿಯಿಂದ ಕುಬಸದ ಒಂದು ಗುಂಡಿ ತೆಗೆದು ಅವಳ ಅಂಗೈ ಮೇಲೆ ಇಟ್ಟೆ. ಅವಳು ಅಳತೆ ನೋಡಿ ಅಷ್ಟೇ ಮುರಿದು ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಅಗಿದಳು. ಕಣ್ಣು ತುಂಬಿ, "ಚಲೋ ಆಗೇತಿಬೇ" ಎಂದಳು. ಐದು ತಿಂಗಳಾಗಿತ್ತು ಅವಳು ಸಿಹಿ ತಿಂದು. ನನ್ನ ಕೈಯ ಹೋಳಿಗೆ ಚೆನ್ನಾಗಿದೆ ಎಂದು ಯಾರಾದರೂ ಹೆದರಿಕೆ ಇಲ್ಲದೆ ಹೇಳಿದ್ದು ಯಾವಾಗಲೋ ನೆನಪಿಲ್ಲ. ಅವಳ ತುಟಿಗೆ ಹತ್ತಿದ ಚೂರನ್ನು ಸೆರಗಿನಿಂದ ಒರೆಸಿದೆ. ಸುಖವೆಂದರೆ ಅದೇ ಇರಬೇಕು.

ಒಂದು ತಾಸು ಬಿಟ್ಟು ಬೆರಳಿಗೆ ಸೂಜಿ ಚುಚ್ಚಿ ನೋಡಿದಳು. ನೂರಾ ಇಪ್ಪತ್ತೆಂಟು. ಇಬ್ಬರೂ ಉಸಿರು ಬಿಟ್ಟೆವು. ಹೊಟ್ಟೆಯೊಳಗಿನದಕ್ಕೆ ಏನೂ ಆಗಲಿಲ್ಲ. ಇನ್ನು ಉಳಿದದ್ದು ನನ್ನ ಪಾಲಿನ ಲೆಕ್ಕ. ಗುಂಡಿಯಷ್ಟು ಹೋಳಿಗೆ ಸಾಕೋ ಸಾಲದೋ, ಅದನ್ನು ನೋಡುವ ಮಿಷನ್ ಯಾವ ಡಾಕ್ಟರ ಬಳಿಯೂ ಇಲ್ಲ. ಮಲಗಲು ಹೋಗುವ ಮುಂಚೆ ಅವಳು ನನ್ನ ಕೈ ಹಿಡಿದು, "ದೀಪ ಹಚ್ಚಿದ ಮ್ಯಾಲ ನನ್ನ ಗುರ್ತು ಹತ್ತದಿದ್ರ ನಾ ಒತ್ತಾಯ ಮಾಡಂಗಿಲ್ಲ. ನೀನು ಹೆದರಬ್ಯಾಡ" ಎಂದಳು.

ಬಿಸಿಲು ಮಿಷನ್‌ನ ಗಾಲಿಯಿಂದ ಇಳಿದು ಹೊಸ್ತಿಲಿಗೆ ಬಂದಿದೆ. ಕಸ್ತೂರಿಯನ್ನು ಒಮ್ಮೆ ಹೋಗಿ ನೋಡಿ ಬಂದೆ. ಬಾಯಿ ಸ್ವಲ್ಪ ತೆರೆದು ಮಲಗಿದ್ದಾಳೆ, ಚಿಕ್ಕಂದಿನಲ್ಲಿ ಮಲಗುತ್ತಿದ್ದ ಹಾಗೆ. ಅವಳ ಮೊದಲ ಹಲ್ಲು, ದಡಾರ ಬಂದಾಗ ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದು, ಮೈನೆರೆದ ದಿನ ಮಿಷನ್ ಕೆಳಗೆ ಅಡಗಿ ಕುಳಿತದ್ದು, ಎಲ್ಲವನ್ನೂ ಒಂದೊಂದಾಗಿ ನೆನೆಸಿಕೊಂಡೆ. ಎಲ್ಲ ಇನ್ನೂ ನೆನಪಿನಲ್ಲಿವೆ. ಉಳಿದ ಹೋಳಿಗೆಯನ್ನು ಅವಳ ಬಾಯಿಗೆ ತುರುಕಿಬಿಡಲೇ ಎಂದು ಒಮ್ಮೆ ಅನಿಸಿತು, ದೇವರಾಣೆಗೂ ಅನಿಸಿತು. ತಾಟಿನ ತನಕ ಹೋಗಿ ಬಂದೆ. ಎದುರುಮನೆಯವಳು ದೀಪದ ಬತ್ತಿ ಹೊಸೆಯುತ್ತ ಕಟ್ಟೆಗೆ ಬಂದು ಕುಳಿತಿದ್ದಾಳೆ. ಕಸ್ತೂರಿ ನನ್ನ ಮಗಳು. ಕಸ್ತೂರಿ ನನ್ನ ಮಗಳು. ಇದನ್ನು ಹತ್ತು ಸಲ ಬರೆಯಬೇಕೆಂದಿದ್ದೆ, ಎದುರುಮನೆಯವಳು ಕಡ್ಡಿ ಗೀರಿದಳು, ನಾನೂ ಎದ್ದು ಹಚ್ಚುತ್ತೇನೆ.

ದೀಪ ಹಚ್ಚಿ ಬಂದೆ. ಪುಸ್ತಕ ತೆರೆದಿತ್ತು, ಮೇಲಿನದನ್ನೆಲ್ಲ ಓದಿದೆ. ಅಕ್ಷರ ನನ್ನದೇ. ಗುರುಬಸವ್ವನ ಮಾತು ನಿಜ, ಕಾಲಿನ ಸೂಜಿಯ ಮಾತು ನಿಜ. ಮಗಳು ಎಂದು ಬರೆದದ್ದು ಮಾತ್ರ ನನಗೆ ತಿಳಿಯದು. ನನಗೆ ಮಕ್ಕಳಿಲ್ಲ. ಯಾರೋ ನನ್ನ ಕೈ ಹಿಡಿದು ಬರೆಸಿದ ಹಾಗಿದೆ.

ಓದುತ್ತಿರುವಾಗಲೇ ಒಳಗಿನ ಕೋಣೆಯಲ್ಲಿ ಬಳೆಯ ಸದ್ದಾಯಿತು. ನನ್ನ ಮನೆಯಲ್ಲಿ ಯಾರೋ ಇದ್ದರು. ಕತ್ತರಿ ಹಿಡಿದು ನಿಂತೆ. ಒಬ್ಬ ಬಸುರಿ ಹೆಂಗಸು ಚೌಕಟ್ಟು ಹಿಡಿದುಕೊಂಡು ಹೊರಗೆ ಬಂದಳು. ನನ್ನ ಮುಖವನ್ನೂ ಕೈಯಲ್ಲಿದ್ದ ಕತ್ತರಿಯನ್ನೂ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ನಿಲ್ಲಿಸಿದಳು. "ಕುಬಸ ಬಿಗಿ ಆಗೇತ್ರಿ ಅಕ್ಕಾರ. ಸ್ವಲ್ಪ ಸಡಲ ಮಾಡಿ ಕೊಡ್ತೀರೇನ್ರಿ?" ಎಂದಳು.

ಈ ಹೊತ್ತಿನಲ್ಲಿ ಗಿರಾಕಿ ಹೇಗೆ ಬಂದಳು, ಒಳಗಿನ ಕೋಣೆಯಿಂದ ಹೇಗೆ ಬಂದಳು ಎಂದು ಕೇಳಬೇಕಾಗಿತ್ತು. ಹೊರಗೆ ನಡೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಶಾಲು ಹೊದ್ದು ಕುಬಸ ಬಿಚ್ಚಿ ಕೊಟ್ಟಳು. ಕೊಟ್ಟ ಬಟ್ಟೆಯನ್ನು ಕೈ ತಾನಾಗಿ ಒಳಮಗ್ಗುಲು ತಿರುಗಿಸಿತು. ಹೊಲಿಗೆ ನನ್ನದೇ, ಕಂಕುಳಲ್ಲಿ ಜೋಡು ಹೊಲಿಗೆ. ಮಡಿಕೆ ಎಣಿಸಿದೆ. ಒಂದು, ಎರಡು, ಮೂರು. ದೀಪದ ಹತ್ತಿರ ಹಿಡಿದು ಮತ್ತೆ ಎಣಿಸಿದೆ, ಮೂರೇ. ಎಡ ಭುಜ ಅರ್ಧ ಇಂಚು ಇಳಿದಿತ್ತು. ತಲೆಯೆತ್ತಿ ನೋಡಿದರೆ ಅವಳ ಎಡ ಭುಜವೂ ಅಷ್ಟೇ ಇಳಿದಿತ್ತು. ನಾನು ಮೂರು ಮಡಿಕೆ ಯಾರಿಗೂ ಬಿಡುವವಳಲ್ಲ. ಈ ಊರಿನಲ್ಲಿ ಎಷ್ಟೋ ಜನ ಕೇಳಿ ಬೈಸಿಕೊಂಡು ಹೋಗಿದ್ದಾರೆ.

ಕತ್ತರಿ ಅದಾಗಲೇ ಕೈಯಲ್ಲಿತ್ತು. ಮೊದಲ ಮಡಿಕೆಯ ಹೊಲಿಗೆ ಬಿಚ್ಚಿ ಕುಬಸ ಕೊಟ್ಟೆ. ಅವಳು ತೊಟ್ಟುಕೊಂಡು, ಎದೆ ತುಂಬ ಉಸಿರೆಳೆದು, ಹೋಗಲಾರದೆ ಅಲ್ಲೇ ನಿಂತಳು. ಕಣ್ಣು ಕೆಂಪಾಗಿತ್ತು. "ಉಂಡೀಯೇನವ್ವ?" ಎಂದು ನನ್ನ ಬಾಯಿಂದ ಬಂತು. ಅವಳು ತಲೆ ಅಲ್ಲಾಡಿಸಿ, "ಸಿಹಿ ಏನೂ ಬ್ಯಾಡ್ರಿ" ಎಂದಳು. "ಸಿಹಿ ಯಾರ ಮಾಡ್ಯಾರ? ರೊಟ್ಟಿ ಬಡೀತೀನಿ, ಕೂಡು" ಎಂದೆ.

ಕಟ್ಟೆಯ ಮೇಲೆ ಒಂದು ತಾಟಿನಲ್ಲಿ ಅಂಚು ಮುರಿದ ಹೋಳಿಗೆ ಇತ್ತು. ಅದನ್ನು ಮುಚ್ಚಿ ಬದಿಗಿಟ್ಟು ಒಲೆ ಹೊತ್ತಿಸಿದೆ. ಹಿಟ್ಟು ನಾದುವಾಗ ಅವಳು ಬಂದು ನನ್ನ ಪಕ್ಕದಲ್ಲಿ ಮಣೆ ಎಳೆದುಕೊಂಡು ಕುಳಿತಳು. ಮಣೆ ಎಲ್ಲಿರುತ್ತದೆ ಎಂದು ಅವಳು ಕೇಳಲಿಲ್ಲ. ನನಗೆ ಈಗಲೂ ಹೆದರಿಕೆಯಾಗುತ್ತಿದೆ, ಆದರೆ ಅವಳನ್ನು ಕಂಡಲ್ಲ. ನೀನು ಯಾರು ಎಂದು ಕೇಳಿದರೆ ಎಲ್ಲಿ ಎದ್ದು ಹೋಗಿಬಿಡುತ್ತಾಳೋ ಎಂದು. ಅದಕ್ಕೇ ಕೇಳಲಿಲ್ಲ. ಮೊದಲ ರೊಟ್ಟಿ ಹೆಂಚಿನ ಮೇಲೆ ಉಬ್ಬಿತು, ತೆಗೆದು ಅವಳ ತಾಟಿಗೆ ಹಾಕಿದೆ.